ಕಾರವಾರದ ‘ಚಾಪೆಲ್’ 1971ರಲ್ಲಿ ಕರಾಚಿಗೆ ಹೋಗಿತ್ತೇ?

ತ್ರಾಸಿ-ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನೋಡುತ್ತಾ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಹೋದವರು ಕಾರವಾರ ಕಡಲತೀರದ ‘ಚಾಪೆಲ್’ ಯುದ್ಧನೌಕೆ ಎದುರು ಸೆಲ್ಫಿ ತೆಗೆಯದೆ ಬರುವುದಿಲ್ಲ. ಆ ಫೋಟೊಕ್ಕೆ ‘1971ರಲ್ಲಿ ಕರಾಚಿ ಬಂದರನ್ನು ಸುಟ್ಟಿದ್ದು ಇದೇ’ ಎಂಬ ಸಾಲು ಅಂಟಿಕೊಂಡರೆ ಆಯಿತು, ಫಾರ್ವರ್ಡ್ ರೆಡಿ. ಇದು ನಿಜವೇ?

ಅಲ್ಲ. ಚಾಪೆಲ್ ನೌಕಾಪಡೆ ಸೇರಿದ್ದೇ 1976ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕ್ಷಿಪಣಿ ಹಾರಿಸಿದ ದೋಣಿಗಳು ನಿಪಾತ್, ನಿರ್ಘಾತ್ ಮತ್ತು ವೀರ್. ನಾಲ್ಕು ದಿನ ಬಿಟ್ಟು ಹೋದದ್ದು ವಿನಾಶ್. ಎಲ್ಲವೂ ಸೋವಿಯತ್ ‘ಓಸಾ’ ಮಾದರಿಯವು. ಚಾಪೆಲ್ ಅದರದೇ ನಂತರದ ರೂಪ, ಹಾಗಾಗಿ ಗೊಂದಲ ಸಹಜ.

ಫಾರ್ವರ್ಡ್‌ಗಳಲ್ಲಿ ಹೆಸರೇ ಬಾರದ ಇನ್ನೆರಡು ನೌಕೆಗಳು ಅಂದು ಜತೆಗಿದ್ದವು: ಅರ್ನಾಲಾ ವರ್ಗದ ಕಿಲ್ತಾನ್, ಕಚ್ಚಾಲ್. ಇವು ಕಾರ್ವೆಟ್‌ಗಳು, ಅಂದರೆ ಫ್ರಿಗೇಟ್‌ಗಿಂತ ಚಿಕ್ಕ, ಕ್ಷಿಪಣಿ ದೋಣಿಗಿಂತ ದೊಡ್ಡ ಯುದ್ಧನೌಕೆಗಳು. ಜಲಾಂತರ್ಗಾಮಿ ಬೇಟೆ ಇವುಗಳ ಕೆಲಸ. ಕರಾಚಿಗೆ ಹಾರಿಸಲು ಇವುಗಳಲ್ಲಿ ಕ್ಷಿಪಣಿ ಇರಲಿಲ್ಲ. ಆದರೂ ಪುಟ್ಟ ದೋಣಿಗಳಿಗೆ ಕಾವಲಾಗಿ ಶತ್ರುವಿನ ಬಾಗಿಲವರೆಗೆ ಹೋದವು. ಕಿಲ್ತಾನ್ ನಡೆಸಿದ ಕಮಾಂಡರ್ ಕಾಸರಗೋಡು ಪಟ್ಟಣಶೆಟ್ಟಿ ಗೋಪಾಲ ರಾವ್ ಅವರಿಗೆ (ಊರು ಹೆಸರಲ್ಲೇ ಇದೆ, ನೋಡಿ) ಮಹಾವೀರ ಚಕ್ರ ಸಿಕ್ಕಿತು. ನಮ್ಮ ಮಟ್ಟಿಗೆ ಫಾರ್ವರ್ಡ್ ಮಾಡಬೇಕಾದ ಕಥೆ ಇದು.

ಈ ವರ್ಗದ ನೌಕೆಗಳಿಗೆ ದ್ವೀಪಗಳ ಹೆಸರು. ಕಾರವಾರದ ಎದುರಿನ ಅಂಜದೀವದ ಹೆಸರು ಹೊತ್ತ ‘ಅಂಜದೀಪ್’ 2003ರವರೆಗೆ ಸೇವೆಯಲ್ಲಿತ್ತು. ಈಗ ಅದೇ ಹೆಸರುಗಳಲ್ಲಿ ಹೊಸ ನೌಕೆಗಳು ಬರುತ್ತಿವೆ. ಹೊಸ ಅರ್ನಾಲಾ ಸೇರ್ಪಡೆಯಾದದ್ದು 2025ರ ಜೂನ್ 18ರಂದು. ಅದರ ಫೋಟೊ ಹಾಕಿ ‘1971ರ ವೀರ ನೌಕೆ’ ಎಂದು ಯಾರಾದರೂ ಕಳಿಸಿದರೆ, ಮುಂದಕ್ಕೆ ಒತ್ತುವ ಮೊದಲು ಇಸವಿ ಕೇಳಿ.