ನಾಲ್ಕು ಗೋಲುಗಳ ಪಾಠ

ಆರೇಳು ವರ್ಷದ ಮಕ್ಕಳನ್ನು ಎರಡು ಪಕ್ಷಗಳಾಗಿ ವಿಂಗಡಿಸಿ, ನಡುವೆ ಕಾಲ್ಚೆಂಡನ್ನಿಟ್ಟು ಆಡಿರೆಂದು ಬಿಟ್ಟರೆ ಆಗುವುದೇನೆಂಬುದನ್ನು ವಾಚಕರು ಬಲ್ಲರು. ಬೆಲ್ಲದ ಅಚ್ಚನ್ನು ಇರುವೆಗಳು ಮುತ್ತುವಂತೆ ಎಲ್ಲರೂ ಚೆಂಡನ್ನು ಮುತ್ತುವರು. ಬಲಿಷ್ಠನಾದವನೊಬ್ಬನು ಅದನ್ನು ಹೊರಸೆಳೆದು, ಓಡಿಹೋಗಿ ಗೋಲು ಹೊಡೆಯುವನು. ಕಣದ ಅಂಚಿನಲ್ಲಿ ನಿಂತ ತಂದೆಗಳು, "ಹರಡಿಕೊಳ್ಳಿರೋ, ಹರಡಿಕೊಳ್ಳಿರೋ" ಎಂದು ಕೂಗುವರು. ಆ ಕೂಗಿನಿಂದ ಹರಡಿಕೊಂಡ ಮಕ್ಕಳನ್ನು ನಾವಿನ್ನೂ ಕಂಡಿಲ್ಲ.

ಮಗುವಿನ ದೋಷವೇನು? ಚೆಂಡು ಒಂದು, ಹೊಡೆಯಬೇಕಾದ ಗೋಲು ಒಂದು. ಎರಡರ ನಡುವಣ ನೇರದಾರಿಯೂ ಒಂದೇ. ಬರಿದಾದ ಮೂಲೆಯಲ್ಲಿ ನಿಂತವನಿಗೆ ಚೆಂಡು ಬಂದೀತೆಂಬ ಭರವಸೆಯಿಲ್ಲ. ಹೀಗಿರುವಲ್ಲಿ ಗುಂಪಿಗೆ ನುಗ್ಗುವುದೇ ಬುದ್ಧಿವಂತಿಕೆ. ಆಟವೇ ಹಾಗೆ ಕಲಿಸುತ್ತಿರುವಾಗ ಹಿರಿಯರ ಬಾಯಿಮಾತು ಏನು ಮಾಡೀತು?

ಜರ್ಮನಿಯ ಹಾರ್ಸ್ಟ್ ವೈನ್ ಎಂಬ ಶಿಕ್ಷಕರು ಈ ತೊಡಕನ್ನು ಬಿಡಿಸಿದ ಬಗೆ ಸೊಗಸಾದುದು. ಅವರು ಮೊದಲಿಗೆ ಹಾಕಿಯಲ್ಲಿ ಪಳಗಿದವರು. ಮನೆಯವರಿಗೆ ಕಾಣದುದು ನೆರೆಯವರಿಗೆ ಕಾಣುವುದುಂಟು. ಅವರ ಆಟದ ಹೆಸರು ಫುನಿನ್ಯೋ. ವಿನೋದವೆಂಬರ್ಥದ ಇಂಗ್ಲಿಷ್ ಶಬ್ದಕ್ಕೂ ಮಗುವೆಂಬರ್ಥದ ಸ್ಪ್ಯಾನಿಷ್ ಶಬ್ದಕ್ಕೂ ಮಾಡಿದ ಸಮಾಸವಿದು. ನಮ್ಮ ವೈಯಾಕರಣರು ಕಂಡರೆ ಅರಿಸಮಾಸವೆಂದು ಮುಖ ಸಿಂಡರಿಸಿಯಾರು. ಪಕ್ಷವೊಂದಕ್ಕೆ ಮೂವರೇ ಆಟಗಾರರು. ಕಣದ ಪ್ರತಿಯೊಂದು ತುದಿಯಲ್ಲಿಯೂ ನಡುವೆ ಒಂದು ಗೋಲಿನ ಬದಲಾಗಿ, ಎಡಕ್ಕೊಂದು ಬಲಕ್ಕೊಂದು ಚಿಕ್ಕ ಗೋಲು, ಒಟ್ಟಿಗೆ ನಾಲ್ಕು. ಗೋಲ್ ಕೀಪರನಿಲ್ಲ. ಗೋಲಿನ ಮುಂದಣ 6 ಮೀಟರ್ ವಲಯವನ್ನು ಹೊಕ್ಕು ಹೊಡೆದುದೇ ಗೋಲು. ದೂರದಿಂದ ಒದ್ದುದು ಲೆಕ್ಕಕ್ಕಿಲ್ಲ.

ಮಾರ್ಪಾಟು ಇಷ್ಟೇ. ಪರಿಣಾಮವನ್ನು ನೋಡಿರಿ. ಎದುರಾಳಿಗಳು ಬಲದ ಗೋಲನ್ನು ಮುತ್ತಿಕೊಂಡರೆ ಎಡದ್ದು ಬರಿದಾಗುವುದು. ಅದನ್ನು ಕಾಣಬೇಕಾದರೆ ಮಗುವು ಚೆಂಡಿನಿಂದ ದೃಷ್ಟಿಯನ್ನು ಮೇಲೆತ್ತಬೇಕು. ದೂರದಿಂದ ಒದೆಯುವಂತಿಲ್ಲವಾದುದರಿಂದ, ಚೆಂಡನ್ನು ತಾನೇ ಅಲ್ಲಿಗೆ ಒಯ್ಯಬೇಕು, ಇಲ್ಲವೆ ಅಲ್ಲಿರುವ ಜೊತೆಗಾರನಿಗೆ ಸಾಗಿಸಬೇಕು. ಮೂಲೆಯಲ್ಲಿ ನಿಂತ ಹುಡುಗನಿಗೆ ಬೆಲೆ ಬಂದಿತು! ಮೂವರೂ ಒಂದೇ ಗೆರೆಯಲ್ಲಿ ನಿಂತರೆ ಒಬ್ಬ ಎದುರಾಳಿಯೇ ದಾರಿಯನ್ನು ಮುಚ್ಚಬಲ್ಲನು. ತ್ರಿಕೋಣವಾಗಿ ನಿಂತರೆ ಚೆಂಡುಳ್ಳವನಿಗೆ ಎರಡು ದಾರಿಗಳು. ಆ ಶಬ್ದವನ್ನು ಯಾರೂ ಉಚ್ಚರಿಸದೆಯೇ ಮಕ್ಕಳು ತ್ರಿಕೋಣವನ್ನು ಕಟ್ಟುವರು. ವಿಷ್ಣುಶರ್ಮನು ಮೂವರು ರಾಜಕುಮಾರರಿಗಾಗಿ ನೀತಿಯನ್ನು ಕಥೆಗಳಲ್ಲಿ ಅಡಗಿಸಿದನು. ವೈನರು ಮೂವರು ಆಟಗಾರರಿಗಾಗಿ ಅದನ್ನು ಗೋಲಿನ ಕಂಬಗಳಲ್ಲಿ ಅಡಗಿಸಿದರು.

ಒಂದೇ ಆಟವು ಎಲ್ಲವನ್ನೂ ಕಲಿಸದು. ಬಾರ್ಸಿಲೋನದಲ್ಲಿ ಹೆಸರಾದ ರೊಂಡೊ ಎಂಬ ಅಭ್ಯಾಸದಲ್ಲಿ, ಸುತ್ತಲೂ ನಿಂತವರು ಚೆಂಡನ್ನು ತಮ್ಮತಮ್ಮಲ್ಲಿ ಸಾಗಿಸುವರು. ನಡುವಣ ಒಬ್ಬಿಬ್ಬರು ಕಸಿಯಲೆತ್ನಿಸುವರು. ಚುರುಕು ನೋಟಕ್ಕೂ, ಜೊತೆಗಾರನಿಗೆ ನೆರವಾಗುವ ಕಡೆಗೆ ಸರಿದು ನಿಲ್ಲುವುದಕ್ಕೂ ಇದು ಉತ್ತಮವೇ. ಆದರೆ ಗೋಲಿಲ್ಲ, ದಿಕ್ಕಿಲ್ಲ. ಇದೊಂದನ್ನೇ ಆಡಿದವನಿಗೆ ಚೆಂಡನ್ನು ಕಾಪಾಡಲು ಬರುವುದು, ಎತ್ತ ಒಯ್ಯಬೇಕೆಂಬುದು ತೋಚದು. ಫುನಿನ್ಯೋದಲ್ಲಿಯೂ ನೀಳವಾದ ಒದೆತ, ಗೋಲು ಕಾಯುವ ವಿದ್ಯೆ ಇವು ಬಾರವು.

ಜರ್ಮನಿಯ ಕಾಲ್ಚೆಂಡಾಟದ ಸಂಘವು 2022ರಲ್ಲಿ ನಿಶ್ಚಯಿಸಿ, 2024ರಿಂದ ಎಳೆಯರಿಗೆ ಇಂತಹ ಕಿರಿಯಾಟಗಳನ್ನು ಕಡ್ಡಾಯ ಮಾಡಿತು. ಹೊರಗಿರುವ ಮಗುವು ಸರದಿಯಂತೆ ಒಳಗೆ ಬರಲೇಬೇಕು. ತೀರ ಚಿಕ್ಕವರಿಗೆ ಅಂಕಗಳ ಪಟ್ಟಿಯಿಲ್ಲ. ಗೆದ್ದವರು ಒಂದು ಕಣ ಮೇಲಕ್ಕೂ ಸೋತವರು ಒಂದು ಕಣ ಕೆಳಕ್ಕೂ ಸರಿದು, ಕ್ರಮೇಣ ಸಮಬಲರಿಗೆ ಸಮಬಲರೇ ಎದುರಾಗುವರು. 2023ರಲ್ಲಿ ಸಂಘದ ಉಪಾಧ್ಯಕ್ಷರಾಗಿದ್ದ ವಾಟ್ಸ್ಕೆಯವರೇ ಈ ಸುಧಾರಣೆಯನ್ನು ಬಹಿರಂಗವಾಗಿ ಟೀಕಿಸಿದರು. ಸೋಲನ್ನುಣ್ಣದ ಮಗುವು ಗೆಲುವನ್ನು ಕಲಿಯದೆಂಬುದು ವಿರೋಧಿಗಳ ವಾದ. ವಾದವು ತೀರ ನಿಸ್ಸಾರವಲ್ಲ. ಆದರೆ ಕೆಳಗಿನ ಕಣಕ್ಕಿಳಿಯುವ ಮಗುವಿಗೆ ಸೋತೆನೆಂದು ತಿಳಿಯದೆ? ದಿನವೆಲ್ಲ ಓಡಿಯೂ ಚೆಂಡನ್ನೇ ಮುಟ್ಟದೆ, ಬೇಸತ್ತು ಆಟವನ್ನು ಬಿಡುವ ಮಗುವು ಸೋಲಿನಿಂದ ಕಲಿತುದಾದರೂ ಏನು? ಪಟ್ಟಿಯನ್ನು ಬೇಡುವವರು ಹೆಚ್ಚಾಗಿ ಅಂಚಿನಲ್ಲಿ ನಿಂತವರೇ ಎಂದು ನಮ್ಮ ಎಣಿಕೆ.

ಬಯಲಿನಲ್ಲಿ ಇದನ್ನು ಪರೀಕ್ಷಿಸಲಿಚ್ಛಿಸುವ ಗೃಹಸ್ಥರಿಗೆ ಎಂಟು ಇಟ್ಟಿಗೆಗಳು ಸಾಕು. ಒಂದೇ ತುದಿಯ ಎರಡು ಗೋಲುಗಳ ನಡುವೆ ಹತ್ತು ಹನ್ನೆರಡು ಹೆಜ್ಜೆಗಳ ಅಂತರವಿರಲಿ. ಹತ್ತಿರವಿಟ್ಟರೆ ಒಬ್ಬನೇ ಎರಡನ್ನೂ ಕಾಯುವನು. ಆಮೇಲೆ ಮತ್ತದೇ ಇರುವೆಗಳ ಗುಂಪು.