ಒಳ್ಳೆ ಬೌಲರನ್ನು ಕೊನೆ ಓವರಿಗೆ ಅಂತ ಎತ್ತಿಡಬೇಡಿ

ನಮ್ಮ ಕಡೆಯ ಟೆನಿಸ್ ಬಾಲ್ ತಂಡಗಳು ಎಷ್ಟೋ ಪಂದ್ಯ ಸೋಲುವುದು ಕೊನೆ ಓವರಿನಲ್ಲಿ ಅಲ್ಲ. ಅದಕ್ಕೆ ಎರಡು ಓವರ್ ಮುಂಚೆಯೇ ಪಂದ್ಯ ಕೈಬಿಟ್ಟಿರುತ್ತದೆ. ಕೊನೆ ಓವರಿನಲ್ಲಿ ಅದು ಎಲ್ಲರಿಗೂ ಗೊತ್ತಾಗುತ್ತದೆ, ಅಷ್ಟೆ.

ನಲ್ಲೂರಿನಲ್ಲಿ ಆಡಲಿ, ಹೊನ್ನಾಳಿಯಲ್ಲಿ ಆಡಲಿ, ಜಗಳೂರಿನಲ್ಲಿ ಆಡಲಿ, ಕ್ಯಾಪ್ಟನ್ ಬಾಯಲ್ಲಿ ಒಂದೇ ಮಾತು: "ಅವನ್ನ ಕೊನೆ ಓವರಿಗೆ ಇಟ್ಕಳಣ." ಅವನು ಅಂದರೆ ತಂಡದಲ್ಲೇ ಚೆನ್ನಾಗಿ ಬಾಲ್ ಹಾಕುವವನು. ಯಾರ್ಕರ್ ಬರುತ್ತದೆ, ಸ್ಲೋ ಬಾಲ್ ಬರುತ್ತದೆ, ಹೆದರುವುದಿಲ್ಲ. ಅಂಥವನು ಆರನೇ ಓವರಿನಲ್ಲಿ ಬೌಂಡರಿ ಲೈನಲ್ಲಿ ಕೈಕಟ್ಟಿ ನಿಂತಿರುತ್ತಾನೆ. ಎದುರಾಳಿಯ ದೊಡ್ಡ ಹೊಡೆತಗಾರ ಅವನ ತಲೆ ಮೇಲೆಯೇ ಸಿಕ್ಸರ್ ಹೊಡೆಯುತ್ತಿರುತ್ತಾನೆ. ಬಾಲ್ ಹಾಕುತ್ತಿರುವವನು ಯಾರು? "ಒಂದು ಓವರ್ ತಳ್ಳಿಬಿಡು" ಅಂತ ಕೈಗೆ ಬಾಲ್ ಕೊಟ್ಟು ಕಳಿಸಿದ ಹುಡುಗ.

ಈ ಪದ್ಧತಿ ತಪ್ಪು ಅನ್ನುವುದು ನಮ್ಮ ವಾದ. ಒಳ್ಳೆ ಬೌಲರ್ ಬರಬೇಕಾದ್ದು ಪಂದ್ಯ ಜಾರುತ್ತಿರುವ ಹೊತ್ತಿಗೆ. ಆ ಹೊತ್ತು ಐದನೇ ಓವರಿನಲ್ಲಿ ಬರಬಹುದು, ಏಳನೆಯದರಲ್ಲೂ ಬರಬಹುದು. ಟಾಸ್ ಆಗುವ ಮುಂಚೆಯೇ ಅವನ ಹೆಸರನ್ನು ಕೊನೆ ಓವರಿಗೆ ಬರೆದಿಡುವ ಕ್ಯಾಪ್ಟನ್ ಮೈದಾನದಲ್ಲಿ ಏನಾಗುತ್ತಿದೆ ಅಂತ ನೋಡುವುದನ್ನೇ ಬಿಟ್ಟಿರುತ್ತಾನೆ.

ಒಂದು ಲೆಕ್ಕ ಹಾಕೋಣ. ಎಂಟು ಓವರಿನ ಪಂದ್ಯ, ಒಬ್ಬ ಬೌಲರಿಗೆ ಎರಡೇ ಓವರ್. ನಾವು 70 ಹೊಡೆದಿದ್ದೇವೆ. ಎದುರಾಳಿ ಐದು ಓವರಿಗೆ 40 ಮಾಡಿ ನಿಂತಿದ್ದಾರೆ. ಇನ್ನು 18 ಎಸೆತಕ್ಕೆ 31 ಬೇಕು. ಅವರ ಹೊಡೆತಗಾರ ಸೆಟ್ ಆಗಿದ್ದಾನೆ. ನಮ್ಮ ಒಳ್ಳೆ ಬೌಲರಿಗೆ ಒಂದು ಓವರ್ ಉಳಿದಿದೆ.

ರೂಢಿಯಂತೆ ಅವನನ್ನು ಎತ್ತಿಟ್ಟೆವು. ಆರನೇ ಓವರ್ ಬೇರೆಯವನಿಗೆ ಹೋಯಿತು, 18 ರನ್. ಏಳನೆಯದರಲ್ಲಿ 9. ಈಗ ಕೊನೆ ಓವರಿನಲ್ಲಿ ಬೇಕಾಗಿರುವುದು ನಾಲ್ಕೇ ರನ್. ಇಷ್ಟು ಹೊತ್ತು ಕಾಪಾಡಿಕೊಂಡ ಬೌಲರ್ ಬಂದ. ಅವನೇನು ಮಾಡಬೇಕು? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಅನ್ನುತ್ತಾರಲ್ಲ, ಹಾಗಾಯಿತು.

ಅದೇ ಬೌಲರನ್ನು ಆರನೇ ಓವರಿಗೇ ತಂದೆವು ಅಂದುಕೊಳ್ಳಿ. ಐದು ರನ್ ಕೊಟ್ಟು ಹೊಡೆತಗಾರನನ್ನು ಔಟ್ ಮಾಡಿದ. 12 ಎಸೆತಕ್ಕೆ 26 ಬೇಕು, ಕ್ರೀಸಿನಲ್ಲಿ ಹೊಸಬ. ಏಳನೆಯದರಲ್ಲಿ ಅದೇ 9 ರನ್ ಹೋದರೂ ಕೊನೆ ಓವರಿಗೆ 17 ಉಳಿಯುತ್ತದೆ. ಸಾಧಾರಣ ಬೌಲರ್ ಅದನ್ನು ಉಳಿಸಿಯೇ ಉಳಿಸುತ್ತಾನೆ ಅಂತ ನಾವು ಬರೆದುಕೊಡುವುದಿಲ್ಲ. ಆದರೆ ನಾಲ್ಕು ರನ್ ಉಳಿಸುವುದಕ್ಕೂ 17 ಉಳಿಸುವುದಕ್ಕೂ ಇರುವ ಅಂತರ ಕಣ್ಣಿಗೆ ಕಾಣುತ್ತದೆ. ಆರನೇ ಓವರಿನಲ್ಲಿ ಕೊಟ್ಟ ರನ್ನಿಗೂ ಎಂಟನೆಯದರಲ್ಲಿ ಕೊಟ್ಟ ರನ್ನಿಗೂ ಸ್ಕೋರ್ ಪುಸ್ತಕದಲ್ಲಿ ಬೆಲೆ ಒಂದೇ.

ಭದ್ರಾ ನಾಲೆ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಭತ್ತ ಹೊಡೆ ಬರುವಾಗ ನೀರು ಬಿಡದೆ, ಕೊಯ್ಲಿನ ವಾರ ಗದ್ದೆ ತುಂಬಿಸಿದರೆ ಯಾರು ಮೆಚ್ಚುತ್ತಾರೆ?

ಇದು ಹಳ್ಳಿ ಮೈದಾನದ ಲೆಕ್ಕ, ದೊಡ್ಡ ಪಂದ್ಯದಲ್ಲಿ ನಡೆಯಲ್ಲ ಅನ್ನುವವರು 2024ರ ಜೂನ್ 29ನ್ನು ನೆನೆಯಲಿ. ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಫೈನಲ್. ಭಾರತ 176 ಹೊಡೆದಿತ್ತು. 15ನೇ ಓವರಿನಲ್ಲಿ ಅಕ್ಷರ್ ಪಟೇಲ್ 24 ರನ್ ಕೊಟ್ಟರು. ದಕ್ಷಿಣ ಆಫ್ರಿಕಾಕ್ಕೆ 30 ಎಸೆತದಲ್ಲಿ 30 ರನ್ ಸಾಕಿತ್ತು. ಕೈಯಲ್ಲಿ ಆರು ವಿಕೆಟ್, ಕ್ರೀಸಿನಲ್ಲಿ ಕ್ಲಾಸೆನ್ ಮತ್ತು ಮಿಲ್ಲರ್. ಬುಮ್ರಾಗೆ ಎರಡು ಓವರ್ ಬಾಕಿ ಇತ್ತು.

ನಮ್ಮ ಮೈದಾನದ ರೂಢಿಯಲ್ಲಾದರೆ 18 ಮತ್ತು 20ನೇ ಓವರ್ ಬುಮ್ರಾಗೆ ಮೀಸಲು. ರೋಹಿತ್ ಶರ್ಮಾ ಕಾಯಲಿಲ್ಲ. 16ನೇ ಓವರಿಗೇ ಬುಮ್ರಾ ಬಂದರು, ನಾಲ್ಕು ರನ್ ಹೋಯಿತು. 17ನೇ ಓವರಿನ ಮೊದಲ ಎಸೆತದಲ್ಲೇ ಹಾರ್ದಿಕ್ ಪಾಂಡ್ಯ ಕ್ಲಾಸೆನ್‌ರನ್ನು ಕಳಿಸಿದರು, ಆ ಓವರಿನಲ್ಲೂ ನಾಲ್ಕೇ ರನ್. 18ನೇ ಓವರಿನಲ್ಲಿ ಬುಮ್ರಾ ಎರಡೇ ರನ್ ಕೊಟ್ಟು ಯಾನ್ಸನ್‌ರನ್ನು ಬೌಲ್ಡ್ ಮಾಡಿದರು. 19ನೆಯದನ್ನು ಅರ್ಷದೀಪ್ ನಾಲ್ಕು ರನ್ನಿಗೆ ಮುಗಿಸಿದರು. ಸಲೀಸಾಗಿ ಬರಬೇಕಿದ್ದ 30 ರನ್ನಿನಲ್ಲಿ 16 ಕೊನೆ ಓವರಿಗೆ ಉಳಿದವು. ಆ ಓವರ್ ಹಾಕಿದ್ದು ಹಾರ್ದಿಕ್. ಭಾರತ ಏಳು ರನ್ನಿನಿಂದ ಗೆದ್ದಿತು.

ಗಡಿ ಹಗ್ಗದ ಹತ್ತಿರ ಸೂರ್ಯಕುಮಾರ್ ಹಿಡಿದ ಕ್ಯಾಚ್ ಎಲ್ಲರ ಫೋನಿನಲ್ಲೂ ಇದೆ, ಇರಲಿ. ಆದರೆ ಆ ಕ್ಯಾಚಿಗೆ ಬೆಲೆ ಬಂದದ್ದು 16 ಮತ್ತು 18ನೇ ಓವರಿನಿಂದ. ಕೊನೆ ಓವರಿಗೆ ಆರೋ ಏಳೋ ರನ್ ಮಾತ್ರ ಬೇಕಿದ್ದಿದ್ದರೆ ಮಿಲ್ಲರ್ ಅಷ್ಟು ದೊಡ್ಡ ಹೊಡೆತಕ್ಕೆ ಕೈಹಾಕುವ ಅಗತ್ಯವೇ ಇರುತ್ತಿರಲಿಲ್ಲ.

ಎದುರು ವಾದ ನಮಗೆ ಗೊತ್ತು. "ಕೊನೆ ಓವರಿನ ಒತ್ತಡವೇ ಬೇರೆ. ಕೈ ನಡುಗುವವನಿಗೆ ಕೊಟ್ಟರೆ ವೈಡ್ ಹಾಕಿಯೇ ಪಂದ್ಯ ಕೊಟ್ಟುಬಿಡ್ತಾನೆ." ಇದರಲ್ಲಿ ಸತ್ಯವಿದೆ. ಆರು ಎಸೆತಕ್ಕೆ ಏಳೆಂಟು ರನ್ ಬೇಕಿದ್ದು, ಸೆಟ್ ಆದವರೇ ಕ್ರೀಸಿನಲ್ಲಿದ್ದರೆ ಆಗ ಒಳ್ಳೆ ಬೌಲರೇ ಬೇಕು. ಅವನ ಓವರ್ ಉಳಿದಿದ್ದರೆ ಖಂಡಿತ ಕೊಡಿ. ನಮ್ಮ ತಕರಾರು ಕೊನೆ ಓವರಿನ ಮೇಲಲ್ಲ. ನಾಲ್ಕು ರನ್ ಉಳಿದಾಗಲೂ 25 ರನ್ ಉಳಿದಾಗಲೂ ಅವನೇ ಹಾಕಬೇಕು ಅನ್ನುವ ಹಟದ ಮೇಲೆ.

ಕೊನೆ ಓವರಿಗೆ ದೊಡ್ಡ ಬೌಲರ್ ಇದ್ದರೆ ರನ್ ಹೋಗಲ್ಲ ಅನ್ನುವ ನಂಬಿಕೆಯನ್ನೂ ಸ್ವಲ್ಪ ತೂಗಿ ನೋಡಿ. 2025ರ ಜೂನ್ 3ರಂದು ಆರ್‌ಸಿಬಿ ಕೊನೆಗೂ ಕಪ್ ಗೆದ್ದಿತು. ಅಹಮದಾಬಾದಿನ ಆ ಫೈನಲ್‌ನ ಕೊನೆ ಓವರ್ ಹಾಕಿದ್ದು ಹೇಜಲ್‌ವುಡ್, ಆ ವರ್ಷ ತಂಡಕ್ಕೆ ಎಲ್ಲರಿಗಿಂತ ಹೆಚ್ಚು ವಿಕೆಟ್ ತಂದವರು. ಆ ಓವರಿನಲ್ಲಿ ಹೋದದ್ದು 22 ರನ್. ಗೆಲುವಿನ ಅಂತರ ಆರು ರನ್. ಕಪ್ ಉಳಿದದ್ದು ಹೇಗೆ? ಪಂಜಾಬ್‌ಗೆ ಕೊನೆ ಓವರಿನಲ್ಲಿ 29 ಬೇಕಿತ್ತು, ಅದಕ್ಕೆ. ಕೃಣಾಲ್ ಪಾಂಡ್ಯ ಮಧ್ಯದ ಓವರುಗಳಲ್ಲಿ ಬಿಗಿ ಹಿಡಿದು ನಾಲ್ಕು ಓವರಿಗೆ 17 ರನ್ ಕೊಟ್ಟು ಎರಡು ವಿಕೆಟ್ ತೆಗೆದರು. 17ನೇ ಓವರಿನಲ್ಲಿ ಭುವನೇಶ್ವರ್ ಕುಮಾರ್ ವಧೇರಾ ಮತ್ತು ಸ್ಟೊಯಿನಿಸ್ ಇಬ್ಬರನ್ನೂ ಕಳಿಸಿದರು. ಕೊನೆ ಓವರಿಗೆ 22 ರನ್ ಹೋದರೂ ತಡೆಯುವಷ್ಟು ದಾಸ್ತಾನು ಮಾಡಿಟ್ಟವರು ಇವರು.

ಹಾಗಿದ್ದರೂ ನಮ್ಮ ಕ್ಯಾಪ್ಟನ್‌ಗಳು ಯಾಕೆ ಬದಲಾಗುವುದಿಲ್ಲ? ಬೈಗುಳದ ಭಯ. ಒಳ್ಳೆ ಬೌಲರ್ ಕೊನೆ ಓವರಿನಲ್ಲಿ ಸೋತರೆ "ಪಾಪ, ಏನ್ ಮಾಡ್ತಾನೆ" ಅನ್ನುತ್ತಾರೆ. ಅವನನ್ನು ಆರನೇ ಓವರಿಗೆ ಮುಗಿಸಿ, ಕೊನೆಗೆ ಬೇರೆಯವನು ಸೋತರೆ ಇಡೀ ಊರು ಕ್ಯಾಪ್ಟನ್ ಮೇಲೆ ಬೀಳುತ್ತದೆ. ಹಾಗಾಗಿ ಗೆಲ್ಲುವ ದಾರಿ ಬಿಟ್ಟು ಬೈಸಿಕೊಳ್ಳದ ದಾರಿ ಹಿಡಿಯುತ್ತಾರೆ.

ಕೊನೆ ಓವರ್ ಹಾಕಿದವನ ತಲೆಗೆ ಎಲ್ಲವನ್ನೂ ಕಟ್ಟುವ ಈ ಚಾಳಿಗೆ ನಮ್ಮ ಜಿಲ್ಲೆಯವರೇ ಬಲಿಯಾಗಿದ್ದಾರೆ. ದಾವಣಗೆರೆಯ ಆಟೋ ಚಾಲಕರ ಮಗ ಆರ್. ವಿನಯ್ ಕುಮಾರ್. 2012ರ ಏಪ್ರಿಲ್ 12ರಂದು ಚೆನ್ನೈನಲ್ಲಿ ಆರ್‌ಸಿಬಿ 205 ಹೊಡೆದಿತ್ತು. ಚೆನ್ನೈಗೆ 12 ಎಸೆತದಲ್ಲಿ 43 ಬೇಕಿತ್ತು. 19ನೇ ಓವರ್ ಹಾಕಿದ್ದು ವಿರಾಟ್ ಕೊಹ್ಲಿ. ಆಲ್ಬಿ ಮಾರ್ಕೆಲ್ ಹೊಡೆತಕ್ಕೆ 28 ರನ್ ಹೋಯಿತು. ಉಳಿದ 15ನ್ನು ಕಾಯಲು ವಿನಯ್ ಬಂದರು. ಪಂದ್ಯ ಕೊನೆ ಎಸೆತಕ್ಕೆ ಹೋಗಿ ಸೋತಿತು. ಆ ಪಂದ್ಯ ಹೋದದ್ದು 19ನೇ ಓವರಿನಲ್ಲಿ ಅಂತ ಲೆಕ್ಕ ಬಂದವರಿಗೆಲ್ಲ ಗೊತ್ತು. ಆದರೂ ಅಂಥ ಒಂದೊಂದು ಕೊನೆ ಓವರನ್ನೂ ವಿನಯ್ ಹೆಸರಿಗೇ ಬರೆದರು. 2018ರಲ್ಲಿ ಕೋಲ್ಕತ್ತಾ ಪರ 17 ರನ್ ಕಾಯಲಾಗದೆ ಸೋತಾಗಲಂತೂ ಫೋನುಗಳಲ್ಲಿ ಅವರನ್ನು ಹಂಗಿಸಿದ್ದಕ್ಕೆ ಲೆಕ್ಕವಿಲ್ಲ.

ಅದೇ ವಿನಯ್ 2013-14 ಮತ್ತು 2014-15ರಲ್ಲಿ ಸತತ ಎರಡು ವರ್ಷ ಕರ್ನಾಟಕಕ್ಕೆ ರಣಜಿ ಟ್ರೋಫಿ ತಂದ ನಾಯಕ. ಪ್ರಥಮ ದರ್ಜೆಯಲ್ಲಿ 504 ವಿಕೆಟ್ ತೆಗೆದವರು. 2017ರ ಡಿಸೆಂಬರ್‌ನಲ್ಲಿ ನಾಗಪುರದಲ್ಲಿ ಮುಂಬೈ ವಿರುದ್ಧ ರಣಜಿ ಕ್ವಾರ್ಟರ್ ಫೈನಲ್ ಶುರುವಾಗುತ್ತಿದ್ದಂತೆ, ತಮ್ಮ ಮೊದಲ ಎರಡು ಓವರುಗಳಲ್ಲೇ ಹ್ಯಾಟ್ರಿಕ್ ತೆಗೆದರು. ಹೊಸ ಬಾಲ್ ಅವರ ಆಯುಧ. ಯಾರ ಕೈಗೆ ಯಾವ ಹೊತ್ತಿನಲ್ಲಿ ಬಾಲ್ ಕೊಡಬೇಕು ಅನ್ನುವುದು ಇದಕ್ಕೇ ಮುಖ್ಯ.

ಈ ರೋಗ ನಮಗೆ ಮಾತ್ರ ಬಂದದ್ದಲ್ಲ. ಅಮೆರಿಕದವರ ಬೇಸ್‌ಬಾಲ್ ಆಟದಲ್ಲೂ ಇದೆ. ಅಲ್ಲಿ ಒಂಬತ್ತು ಸರದಿ, ಬಾಲ್ ಹಾಕುವವನು ಪಿಚರ್. ಮುನ್ನಡೆಯಲ್ಲಿರುವ ತಂಡಕ್ಕೆ ಕೊನೆಯಲ್ಲಿ ಬಂದು ಪಂದ್ಯ ಉಳಿಸಿಕೊಟ್ಟವನ ಹೆಸರಿಗೆ ಒಂದು 'ಸೇವ್' ಬರೆಯುತ್ತಾರೆ. 1969ರಿಂದ ಅದು ಅಧಿಕೃತ ಲೆಕ್ಕ. ಲೆಕ್ಕ ಬಂದ ಮೇಲೆ ಆಟವೂ ಅದರ ಹಿಂದೆ ಹೋಯಿತು. ತಂಡದ ಉತ್ತಮ ಪಿಚರನ್ನು ಮುನ್ನಡೆ ಇರುವ ಒಂಬತ್ತನೇ ಸರದಿಗೆ ಅಂತಲೇ ಕಾಪಾಡತೊಡಗಿದರು.

2016ರ ಅಕ್ಟೋಬರ್ 4ರಂದು ಟೊರಾಂಟೊದಲ್ಲಿ ಸೋತವರು ಮನೆಗೆ ಅನ್ನುವಂಥ ಪಂದ್ಯ. ಬಾಲ್ಟಿಮೋರ್ ತಂಡದ ಜ್ಯಾಕ್ ಬ್ರಿಟನ್ ಆ ವರ್ಷ 47 ಅವಕಾಶಗಳಲ್ಲಿ 47ನ್ನೂ ಉಳಿಸಿದ್ದ ಪಿಚರ್. ಪಂದ್ಯ 2-2 ಸಮವಾಗಿ ಹೆಚ್ಚುವರಿ ಸರದಿಗೆ ಹೋಯಿತು. ಮುನ್ನಡೆ ಸಿಗಲಿ, ಆಮೇಲೆ ಬ್ರಿಟನ್ ಅಂತ ತರಬೇತುದಾರ ಬಕ್ ಶೋವಾಲ್ಟರ್ ಬೇರೆಯವರನ್ನೇ ಒಬ್ಬರಾದ ಮೇಲೊಬ್ಬರಂತೆ ಕಳಿಸಿದರು. 11ನೇ ಸರದಿಯಲ್ಲಿ ಎದುರಾಳಿ ಒಂದೇ ಹೊಡೆತಕ್ಕೆ ಮೂರು ರನ್ ಬಾಚಿದ. ಬಾಲ್ಟಿಮೋರ್‌ನ ವರ್ಷ ಮುಗಿಯಿತು. ಬ್ರಿಟನ್ ಒಂದೂ ಬಾಲ್ ಹಾಕಲಿಲ್ಲ.

ಅದೇ ತಿಂಗಳು ಕ್ಲೀವ್‌ಲ್ಯಾಂಡ್ ತಂಡದ ಟೆರ್ರಿ ಫ್ರಾಂಕೋನಾ ತಮ್ಮ ಅತ್ಯುತ್ತಮ ಪಿಚರ್ ಆಂಡ್ರ್ಯೂ ಮಿಲ್ಲರ್‌ನನ್ನು ಬೇಕಾದಾಗ ಐದನೇ ಸರದಿಗೇ ತಂದರು. ಆ ತಂಡ ಫೈನಲ್ ಸರಣಿ ಮುಟ್ಟಿ, ಏಳನೇ ಪಂದ್ಯದವರೆಗೆ ಹೋರಾಡಿ ಸೋತಿತು. ಸೋಲು ಇಬ್ಬರಿಗೂ ಬಂತು. ಒಬ್ಬರು ತಮ್ಮ ಆಯುಧ ಬಳಸಿ ಸೋತರು, ಇನ್ನೊಬ್ಬರು ಒರೆಯಲ್ಲೇ ಇಟ್ಟುಕೊಂಡು ಸೋತರು.

ಬೇಸ್‌ಬಾಲಿನವರಿಗೆ ಸೇವ್ ಮಾಡಿದ್ದನ್ನೇ ನಮ್ಮ ಮೈದಾನದಲ್ಲಿ 'ಉತ್ತಮ ಬೌಲರ್' ಬಹುಮಾನ ಮಾಡುತ್ತಿದೆ. ಹೆಚ್ಚು ವಿಕೆಟ್ ತೆಗೆದವನಿಗೆ ಕಪ್ ಅಂತ ಮೈಕಿನಲ್ಲಿ ಕೂಗುತ್ತೀರಿ. ಕೊನೆ ಓವರಿನಲ್ಲಿ ಕಣ್ಣುಮುಚ್ಚಿ ಬೀಸುವ ಒಂಬತ್ತನೇ, ಹತ್ತನೇ ಆಟಗಾರರ ವಿಕೆಟ್ ಸುಲಭಕ್ಕೆ ಸಿಗುತ್ತದೆ. ಆರನೇ ಓವರಿನಲ್ಲಿ ಸೆಟ್ ಆದ ಹೊಡೆತಗಾರನಿಗೆ ಐದೇ ರನ್ ಕೊಟ್ಟವನಿಗೆ ಏನೂ ಇಲ್ಲ. ಹಾಗಿದ್ದ ಮೇಲೆ ಬೌಲರ್ ತಾನೇ ಬಂದು "ಅಣ್ಣಾ, ನಂಗೆ ಲಾಸ್ಟ್ ಓವರ್ ಇಡು" ಅನ್ನುವುದರಲ್ಲಿ ಆಶ್ಚರ್ಯವೇನು?

ಪಂದ್ಯ ನಡೆಸುವ ಯುವಕ ಸಂಘದವರಿಗೆ ನಮ್ಮ ಒತ್ತಾಯ ಇಷ್ಟು. ಉತ್ತಮ ಬೌಲರನ್ನು ಆರಿಸುವಾಗ ವಿಕೆಟ್ ಜೊತೆಗೆ ಓವರಿಗೆ ಎಷ್ಟು ರನ್ ಕೊಟ್ಟ ಅಂತ ನೋಡಿ, ಯಾರ ವಿಕೆಟ್ ತೆಗೆದ ಅಂತಲೂ ನೋಡಿ. ಸ್ಕೋರ್ ಬರೆಯುವವರು ಪ್ರತಿ ಓವರಿನ ರನ್ನನ್ನು ಬೇರೆಯಾಗಿ ಬರೆದು, ಪಂದ್ಯ ಮುಗಿದ ಮೇಲೆ ಗ್ರೂಪಿಗೆ ಹಾಕಿ. ಯಾವ ಓವರಿನಲ್ಲಿ ಪಂದ್ಯ ಹೋಯಿತು ಅಂತ ಊರೇ ನೋಡಲಿ.

ಕ್ಯಾಪ್ಟನ್‌ಗಳಿಗೆ ಇನ್ನೂ ಸುಲಭದ ಮಾತು. ಪ್ರತಿ ಓವರ್ ಮುಗಿದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಮುಂದಿನ ಆರು ಎಸೆತದಲ್ಲಿ 15 ರನ್ ಹೋದರೆ ಈ ಪಂದ್ಯ ಉಳಿಯುತ್ತದಾ? ಉಳಿಯಲ್ಲ ಅನ್ನಿಸಿದರೆ ನಿಮ್ಮ ಒಳ್ಳೆ ಬೌಲರನ್ನು ಬೌಂಡರಿ ಲೈನಿನಿಂದ ಕರೆಯಿರಿ. ಕೊನೆ ಓವರಿನ ಚಿಂತೆ ಕೊನೆ ಓವರಿಗೆ ಇರಲಿ.

ಇದರಲ್ಲಿ ಕಪ್ಪಿಗಿಂತ ದೊಡ್ಡ ವಿಷಯ ಒಂದಿದೆ. "ಒಂದು ಓವರ್ ತಳ್ಳಿಬಿಡು" ಅನ್ನಿಸಿಕೊಂಡ ಆ ಹುಡುಗನಿಗೆ 16 ವರ್ಷವೋ 17ವೋ ಇರುತ್ತದೆ. ತಂಡದ ದೊಡ್ಡವರೇ ಹಾಕಲು ಹಿಂಜರಿಯುವ ಹೊಡೆತಗಾರನ ಮುಂದೆ ಅವನನ್ನು ನಿಲ್ಲಿಸಿ, ಮೂರು ಸಿಕ್ಸರ್ ಹೋದ ಮೇಲೆ ಮೈಕಿನಲ್ಲಿ ನಗುತ್ತಾರೆ. ಮುಂದಿನ ಪಂದ್ಯಕ್ಕೆ ಅವನಿಗೆ ಬಾಲ್ ಇಲ್ಲ, ಅದರ ಮುಂದಿನ ವರ್ಷಕ್ಕೆ ಅವನೇ ಮೈದಾನಕ್ಕೆ ಬರುವುದಿಲ್ಲ. ಗಟ್ಟಿ ಬೌಲರ್ ಮೊದಲು ಬಂದು ಹೊಡೆತಗಾರನನ್ನು ಕಳಿಸಿ, ಕೈಯಲ್ಲಿ ಹತ್ತು ಹದಿನೈದು ರನ್ ಇಟ್ಟುಕೊಟ್ಟರೆ ಅದೇ ಹುಡುಗ ಕೊನೆ ಓವರ್ ಹಾಕಿ ಕಲಿಯುತ್ತಾನೆ. ಮುಂದಿನ ಬೇಸಿಗೆಗೆ ನಿಮ್ಮ ತಂಡಕ್ಕೆ ಇಬ್ಬರು ಬೌಲರ್ ಇರುತ್ತಾರೆ.