ಬಿಸಿನೀರಿನ ಕೊನೆಯ ಪಾಲು

ಮಾರ್ಗಶಿರ ಮಾಸದ ಆರಂಭದಲ್ಲಿ ಪ್ರಥಮ ವರ್ಷದ ವಿದ್ಯಾರ್ಥಿಗಳಿಗೆ ‘ಚಳಿಗಾಲ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಿಸಿದ್ದೆ. ಹೆಚ್ಚಿನವರು ಹಿಮ, ಅಗ್ಗಿಷ್ಟಿಕೆ, ಉಣ್ಣೆಯ ಕೋಟು ಎಂದು ತಾವು ಕಾಣದ ದೇಶದ ಚಳಿಯನ್ನೇ ವರ್ಣಿಸಿದ್ದರು. ಪೆನ್ನಾಗರಂ ಕಡೆಯ ಹಳ್ಳಿಯೊಂದರ ವಿದ್ಯಾರ್ಥಿನಿ ಮಾತ್ರ ಎಂಟೇ ಸಾಲು ಬರೆದಿದ್ದಳು. ಅವಳ ಮನೆಯಲ್ಲಿ ನಸುಕಿನಲ್ಲೆದ್ದು ನೀರು ಕಾಯಿಸುವವಳು ತಾಯಿ. ಮೊದಲು ಮೀಯುವವರು ಅಜ್ಜ, ಬಳಿಕ ತಂದೆ, ಬಳಿಕ ಮಕ್ಕಳು. ತಾಯಿಯ ಸರದಿ ಬರುವ ಹೊತ್ತಿಗೆ ಒಲೆ ಆರಿರುತ್ತದೆ, ಹಂಡೆಯಲ್ಲಿ ತಣ್ಣೀರು ಉಳಿದಿರುತ್ತದೆ. ‘ಸೌದೆ ಉಳಿಸಬೇಕಲ್ಲ’ ಎಂಬುದು ಆ ಬರಹದ ಕೊನೆಯ ಸಾಲು. ಅಂಕ ಕೊಡಲು ಹಿಡಿದ ಲೇಖನಿ ಅಲ್ಲಿಯೇ ನಿಂತಿತು. ನನ್ನ ಮನೆಯಲ್ಲಿಯೂ ನನ್ನ ತಾಯಿ ಹಾಗೆಯೇ ಮಿಂದಳೆಂಬುದು ನನಗೆ ಐವತ್ತು ದಾಟಿದ ಮೇಲೆ ನೆನಪಾಯಿತು.

ನಮ್ಮ ಸೀಮೆಯ ಚಳಿ ಕೊಲ್ಲುವ ಚಳಿಯಲ್ಲ. ಆದರೆ ಬಾರಾಮಹಲಿನ ಈ ಎತ್ತರದ ನೆಲದಲ್ಲಿ, ಮೋಡವಿಲ್ಲದ ಧನುರ್ಮಾಸದ ರಾತ್ರಿಗಳಲ್ಲಿ, ಹಗಲಿನ ಕಾವೆಲ್ಲ ಆಕಾಶಕ್ಕೆ ಹಾರಿಹೋಗುತ್ತದೆ. ತಗಡಿನ ಮಾಡಿನ ಮನೆಗಳು ಎಲ್ಲಕ್ಕಿಂತ ಮೊದಲು ತಣ್ಣಗಾಗುತ್ತವೆ. ಇಲ್ಲಿ ಯಾರೂ ಮನೆಯನ್ನು ಕಾಯಿಸುವುದಿಲ್ಲ. ಮೈಯನ್ನು ಬೆಚ್ಚಗಿಡುತ್ತಾರೆ, ನೀರನ್ನು ಕಾಯಿಸುತ್ತಾರೆ. ಆದುದರಿಂದ ನಮ್ಮಲ್ಲಿ ಚಳಿಗಾಲದ ಉಳಿತಾಯವೆಂದರೆ ಎರಡೇ ಪ್ರಶ್ನೆಗಳು: ಹೊದಿಕೆ ಯಾವುದು, ಬಿಸಿನೀರು ಎಷ್ಟು? ನಾನು ಮೂರನೆಯದೊಂದನ್ನು ಸೇರಿಸಬಯಸುತ್ತೇನೆ: ಉಳಿಸಿದ್ದು ಯಾರ ಪಾಲಿನಿಂದ?

ಮೊದಲು ನೀರಿನ ಲೆಕ್ಕ. ಇಪ್ಪತ್ತು ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಹೆಚ್ಚು ಕಡಿಮೆ 0.58 ಯೂನಿಟ್ ವಿದ್ಯುತ್ತು ಬೇಕು. ಐದು ಜನರ ಸಂಸಾರ ದಿನಕ್ಕೊಮ್ಮೆ ತಲೆಗೊಂದು ಬಕೆಟ್ಟಿನಂತೆ ಮಿಂದರೆ ಎರಡು ತಿಂಗಳಿಗೆ ಸುಮಾರು 175 ಯೂನಿಟ್ ಆಗುತ್ತದೆ. 2016ರಿಂದ ತಮಿಳುನಾಡಿನ ಮನೆಗಳಿಗೆ ಎರಡು ತಿಂಗಳ ಲೆಕ್ಕದಲ್ಲಿ ಮೊದಲ 100 ಯೂನಿಟ್ ಉಚಿತ. ಅಂದರೆ ದೀಪವನ್ನೇ ಹಚ್ಚದಿದ್ದರೂ ಸ್ನಾನವೊಂದೇ ಆ ಉಚಿತದ ಗೆರೆಯನ್ನು ದಾಟಿಬಿಡುತ್ತದೆ. ಬಡವರ ಮನೆಯಲ್ಲಿ ನೀರು ಕಾಯಿಸುವ ಕಾಯಿಲನ್ನು ಬೇಗ ಆರಿಸುವುದಕ್ಕೂ, ಕೊನೆಯವಳು ತಣ್ಣೀರಿನಲ್ಲಿ ಮೀಯುವುದಕ್ಕೂ ಕಾರಣ ಇದೇ.

ಇದಕ್ಕೆ ಉಪಾಯ ನಮ್ಮ ತಲೆಯ ಮೇಲೆಯೇ ಇದೆ. ಇಲ್ಲಿನ ಚಳಿಗಾಲದ ಹಗಲು ಬಿಸಿಲಿನ ಹಗಲು. ಕಪ್ಪು ಬಳಿದ ಪೀಪಾಯಿಯನ್ನೋ ಅಗಲ ಬಾಯಿಯ ಪಾತ್ರೆಯನ್ನೋ ಮುಚ್ಚಿ ಬಿಸಿಲಿಗಿಟ್ಟು, ನೀರು 20ರಿಂದ 30 ಡಿಗ್ರಿಗೆ ಏರಿದರೂ ಸಾಕು. ಉಳಿದುದನ್ನಷ್ಟೇ ಕಾಯಿಸಬೇಕಾದುದರಿಂದ ಹತ್ತರಲ್ಲಿ ನಾಲ್ಕು ಪಾಲು ಖರ್ಚು ಉಳಿಯುತ್ತದೆ. ಆದರೆ ಇದಕ್ಕೊಂದು ನಿಬಂಧನೆಯುಂಟು. ಬಿಸಿಲಿನ ನೀರು ಸಿಗುವುದು ನಸುಕಿನಲ್ಲಲ್ಲ, ಮಧ್ಯಾಹ್ನದ ಹೊತ್ತಿಗೆ. ವೃದ್ಧರೂ ಕೂಸುಗಳೂ ನಸುಕಿನಲ್ಲಿಯೇ ಮೀಯಬೇಕೆಂಬ ಕಟ್ಟಳೆ ಯಾವ ಶಾಸ್ತ್ರದ್ದೂ ಅಲ್ಲ, ಅಭ್ಯಾಸದ್ದು. ಶಾಲೆಗೆ, ಕೆಲಸಕ್ಕೆ ಹೋಗುವವರನ್ನು ಬಿಟ್ಟು ಮನೆಯಲ್ಲಿರುವವರು ಹನ್ನೊಂದು ಗಂಟೆಗೆ ಮಿಂದರೆ ಉರುವಲೂ ಉಳಿಯುತ್ತದೆ, ಮೈಯೂ ನಡುಗುವುದಿಲ್ಲ. ನಸುಕಿನಲ್ಲಿ ಕಾಯಿಸಿದ ನೀರಿನಲ್ಲಿ ಮೊದಲ ಬಕೆಟ್ಟು ಕಾಯಿಸಿದವಳದ್ದಾಗಲಿ. ಇದಕ್ಕೆ ಒಂದು ಕಾಸೂ ಖರ್ಚಿಲ್ಲ.

ಸೌದೆಯ ಒಲೆಯನ್ನು ನಾನು ಹೀಗಳೆಯುವುದಿಲ್ಲ. ಆದರೆ ಹೊಗೆ ಬೇರೆ, ಬೆಚ್ಚಗೆ ಬೇರೆ. ನಮ್ಮ ಪಕ್ಕದ ಹೊಗೆನಕಲ್ಲು ಹೆಸರಿನಲ್ಲಿಯೇ ಕನ್ನಡದ ‘ಹೊಗೆ’ಯನ್ನೂ ‘ಕಲ್ಲ’ನ್ನೂ ಹೊತ್ತುಕೊಂಡಿದೆ, ಅಲ್ಲಿ ಏಳುವುದು ಕಾವೇರಿಯ ನೀರಹನಿಯ ಹೊಗೆ, ಕಣ್ಣಿಗೆ ತಂಪು. ಅಡುಗೆಮನೆಯ ಹೊಗೆ ಹೆಣ್ಣಿನ ಕಣ್ಣನ್ನೂ ಶ್ವಾಸಕೋಶವನ್ನೂ ಕೆಡಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದ ವಿಜ್ಞಾನಿಗಳು ಕಡಿಮೆ ಸೌದೆಯಲ್ಲಿ ಉರಿದು ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳಿಸುವ ಒಲೆಯನ್ನು ರೂಪಿಸಿದ್ದರು. ‘ಅಸ್ತ್ರ ಒಲೆ’ ಎಂದೇ ಅದು ಹೆಸರಾಯಿತು. ಬಚ್ಚಲೊಲೆಗೊಂದು ಹೊಗೆಕೊಳವೆ, ಹಂಡೆಗೊಂದು ಮುಚ್ಚಳ: ಇಷ್ಟರಿಂದಲೇ ಬಹಳ ಸೌದೆ ಉಳಿಯುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಚಳಿ ತಾಳದೆ ಕೆಂಡದ ಬಾಣಲೆಯನ್ನು ಮಲಗುವ ಕೋಣೆಗೆ ತಂದು, ಕದ ಕಿಟಕಿ ಮುಚ್ಚಿ ಮಲಗುವವರಿದ್ದಾರೆ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿಯೇ ಪ್ರಾಣ ಹೋಗುತ್ತದೆ. ಗಾಳಿಯಾಡದ ಬಚ್ಚಲಿನ ಗ್ಯಾಸ್ ಗೀಸರಿನ ಅಪಾಯವೂ ಇದೇ. ಈ ಒಂದು ವಿಷಯದಲ್ಲಿ ಉಳಿತಾಯದ ಚರ್ಚೆಗೆ ಎಡೆಯಿಲ್ಲ.

ಇನ್ನು ಹೊದಿಕೆ. ಕಂಬಳಿ ಎಂಬ ಶಬ್ದ ಕನ್ನಡಕ್ಕೂ ತಮಿಳಿಗೂ ಒಂದೇ. ಈ ಭಾಗದಲ್ಲಿ ಕನ್ನಡ ಮಾತಾಡುವ ಕುರಿಗಾಹಿ ಕುಟುಂಬಗಳು ಇಂದಿಗೂ ಇವೆ. ಆದರೆ ಸೇಲಂ ಜಿಲ್ಲೆಯ ಮೇಚೇರಿಯ ಹೆಸರು ಹೊತ್ತ ನಮ್ಮ ಕಡೆಯ ಕುರಿ ಮಾಂಸಕ್ಕೂ ಚರ್ಮಕ್ಕೂ ಪ್ರಸಿದ್ಧವೇ ಹೊರತು ಉಣ್ಣೆ ಕೊಡುವುದಿಲ್ಲ. ಒಳ್ಳೆಯ ಕರಿಯ ಕಂಬಳಿಗೆ ಚಳ್ಳಕೆರೆಯ ಕಡೆ ಮುಖ ಮಾಡಬೇಕು. ಕೊಂಡರೆ ಒಂದು ತಲೆಮಾರಿಗೆ ಬಾಳುತ್ತದೆ, ನಿಜ. ಆದರೆ ಎಲ್ಲರೂ ಕೊಳ್ಳಲಾರರು.

ಕೊಳ್ಳಲಾರದವರ ಹೊದಿಕೆಯೊಂದನ್ನು ನಾನು ಬಾಲ್ಯದಿಂದ ಬಲ್ಲೆ. ಕನ್ನಡ, ಮರಾಠಿ ಎರಡರಲ್ಲಿಯೂ ಪಾಠ ಕಲಿತ ನನಗೆ ಅದಕ್ಕೆ ಎರಡು ಹೆಸರುಗಳು ಗೊತ್ತು. ಕನ್ನಡದಲ್ಲಿ ಕೌದಿ, ಮರಾಠಿಯಲ್ಲಿ ಗೋಧಡಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ದಾರದಿಂದ ಹೊಲಿದದ್ದು. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಮಹಿಳೆಯರು ಹೊಲಿದ ಕೌದಿಗಳು ವಿದೇಶದ ಪ್ರದರ್ಶನಗಳಿಗೂ ಹೋಗಿವೆ. ಅದರ ಬೆಚ್ಚಗೆಗೆ ಕಾರಣ ಬಟ್ಟೆಯಲ್ಲ, ಪದರಗಳ ನಡುವೆ ಸಿಕ್ಕಿಕೊಂಡು ಅಲುಗಾಡದೆ ನಿಂತ ಗಾಳಿ. ಒಂದು ದಪ್ಪ ದುಪ್ಪಟಿಗಿಂತ ಎರಡು ತೆಳು ಹೊದಿಕೆಗಳು ಹೆಚ್ಚು ಬೆಚ್ಚಗಿರುವುದೂ ಇದರಿಂದಲೇ. ಮತ್ತೊಂದು ಸಂಗತಿಯನ್ನು ನಾವು ಮರೆಯುತ್ತೇವೆ: ಚಳಿ ಮೇಲಿನಿಂದಷ್ಟೇ ಅಲ್ಲ, ಕೆಳಗಿನಿಂದಲೂ ಬರುತ್ತದೆ. ಸಿಮೆಂಟು, ಟೈಲ್ಸ್ ನೆಲ ಮೈಯ ಕಾವನ್ನು ಹೀರಿಕೊಳ್ಳುತ್ತದೆ. ಮೇಲೆ ಇನ್ನೊಂದು ಹೊದಿಕೆ ಹುಡುಕುವ ಮೊದಲು ಚಾಪೆಯ ಕೆಳಗೊಂದು ಗೋಣಿತಟ್ಟು ಹಾಸಿದರೆ ಅರ್ಧ ಚಳಿ ಹೋಗುತ್ತದೆ.

ಇಲ್ಲಿ ಭೋಗಿ ಹಬ್ಬದ ಮಾತು ಬರುತ್ತದೆ. ನಾನು ಬೆಳೆದ ಸೀಮೆಯಲ್ಲಿ ಭೋಗಿಯೆಂದರೆ ಎಣ್ಣೆಸ್ನಾನ, ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಬೆಣ್ಣೆ, ಹಲವು ಕಾಯಿಪಲ್ಲೆಗಳ ಪಲ್ಯ. ಭೋಗಿ ಉಣ್ಣದವನು ಸದಾ ರೋಗಿ ಎಂಬ ಗಾದೆ ಮರಾಠಿಯಲ್ಲಿದೆ. ಚಳಿಗಾಲದಲ್ಲಿ ಮೈಗೆ ಜಿಡ್ಡೂ ಕಾವೂ ಬೇಕೆಂಬ ತಿಳಿವಳಿಕೆ ಅದರ ಹಿಂದಿದೆ. ಇಲ್ಲಿನ ರಾಗಿಕಳಿ, ಹುರುಳಿಸಾರುಗಳದ್ದೂ ಅದೇ ತಿಳಿವಳಿಕೆ. ಆದರೆ ಇಲ್ಲಿ ಭೋಗಿಯ ನಸುಕಿನಲ್ಲಿ ಹಳೆಯದನ್ನೆಲ್ಲ ಬೀದಿಗೆ ತಂದು ಸುಡುತ್ತಾರೆ. ಹಳೆಯ ಚಾಪೆಯೊಡನೆ ಹಳೆಯ ಸೀರೆಯೂ, ಕೆಲವೆಡೆ ಟೈರೂ ಪ್ಲಾಸ್ಟಿಕ್ಕೂ ಬೆಂಕಿಗೆ ಬೀಳುತ್ತವೆ. ಪ್ಲಾಸ್ಟಿಕ್, ಟೈರು ಸುಡಬೇಡಿರೆಂದು ಮಾಲಿನ್ಯ ನಿಯಂತ್ರಣ ಮಂಡಳಿ ವರ್ಷವೂ ವಿನಂತಿಸುತ್ತದೆ. ನನ್ನ ವಿನಂತಿ ಸೀರೆಯ ಪರವಾಗಿ. ಅರ್ಧ ಗಳಿಗೆ ಬೀದಿಯನ್ನು ಬೆಚ್ಚಗೆ ಮಾಡಿ ಬೂದಿಯಾಗುವ ಸೀರೆ ಹತ್ತು ಚಳಿಗಾಲ ಒಂದು ಮಗುವನ್ನು ಬೆಚ್ಚಗಿಡಬಲ್ಲದು. ಹಳೆಯದನ್ನು ಕಳೆಯುವುದೇ ಹಬ್ಬದ ಅರ್ಥವಾದರೆ, ಹಳೆಯದನ್ನು ಹೊಸ ಹೊದಿಕೆಯಾಗಿಸುವುದೂ ಕಳೆಯುವುದೇ.

ಕೌದಿ ಹೊಲಿಯುವುದೂ ಮತ್ತೆ ಹೆಂಗಸರ ತಲೆಗೇ ಬೀಳುವ ಕೆಲಸವಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಹೊಲಿಗೆಗೆ ಹೆಣ್ಣು ಗಂಡೆಂಬ ಭೇದವಿಲ್ಲ; ನಮ್ಮ ಊರುಗಳ ದರ್ಜಿಗಳು ಹೆಚ್ಚಿನವರು ಗಂಡಸರೇ. ಓಡುಹೊಲಿಗೆ ಒಂದು ಸಂಜೆಯಲ್ಲಿ ಕಲಿಯಬಹುದಾದ ವಿದ್ಯೆ.

ವಿದ್ಯಾರ್ಥಿಮಿತ್ರರೇ, ಈ ಭೋಗಿಗೆ ಮುನ್ನ ಮನೆಯಲ್ಲಿ ಬೆಂಕಿಗೆ ಎತ್ತಿಟ್ಟ ಹತ್ತಿಯ ಬಟ್ಟೆಗಳನ್ನು ಒಗೆದು ವಿಭಾಗಕ್ಕೆ ತನ್ನಿರಿ. ಶನಿವಾರ ಮಧ್ಯಾಹ್ನ ಕೂತು ಹೊಲಿಯೋಣ, ಸೂಜಿದಾರ ನನ್ನದು. ಹೊಲಿಯುತ್ತ ನಿಮ್ಮ ಮನೆಗಳಲ್ಲಿ ಅದಕ್ಕಿರುವ ಹೆಸರು, ಅಜ್ಜಿ ಹೇಳುವ ಮಾತು, ಹೊಲಿಗೆಯ ಬಗೆ ಎಲ್ಲವನ್ನೂ ಬರೆದಿಟ್ಟುಕೊಳ್ಳೋಣ; ಗಡಿನಾಡಿನ ಕನ್ನಡಕ್ಕೆ ಅದೂ ಒಂದು ಸೇವೆ. ಆ ಎಂಟು ಸಾಲಿನ ಪ್ರಬಂಧಕ್ಕೆ ನಾನು ಪೂರ್ಣ ಅಂಕ ಕೊಟ್ಟೆ. ಅದನ್ನು ಬರೆದವಳಿಗೂ ನಿಮಗೂ ಒಂದೇ ಕೋರಿಕೆ: ನಾಳೆ ನಸುಕಿನಲ್ಲಿ ಮನೆಯಲ್ಲಿ ಮೊದಲು ಮೀಯುವವರು ಯಾರೆಂಬುದನ್ನು ಬದಲಿಸಿ ನೋಡಿರಿ.